ಯಾವ ದಡ ಹತ್ತಿರ?

ದುಂಡು ಕೆರೆಯ ನಟ್ಟನಡುವೆ ನಿಂತವನಿಗೆ ಎಲ್ಲ ದಡಗಳೂ ಸಮಾನ ದೂರ. ಕೆರೆಯ ಸುತ್ತಲಿನ ನೆಲದಂತೆ ನಡುವೆ ತೆರಪುಳ್ಳ, ಅಂದರೆ ಪೀನವಲ್ಲದ ಗಣಗಳಲ್ಲಿ ಅತಿ ಸಮೀಪದ ಬಿಂದು ಒಂದೇ ಇರಬೇಕೆಂದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಪೀನ ಗಣಗಳನ್ನೇ ನೆಚ್ಚಿಕೊಂಡಿದ್ದ ನಾನು ಈ ಮಾತನ್ನು ಅರಿತದ್ದು ರಷ್ಯಾದ ಪಾಫ್ನೂತಿ ಚೆಬಿಶೇವ್ ಅವರನ್ನು ಓದುತ್ತ.

1821ರಲ್ಲಿ ಕಲುಗಾ ಪ್ರಾಂತದಲ್ಲಿ ಜನಿಸಿದ ಅವರು ಬಾಲ್ಯದಿಂದಲೇ ಕುಂಟುತ್ತಿದ್ದರು. ಮಾಸ್ಕೋದಲ್ಲಿ ಓದಿ, 1847ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಉಗಿಯಂತ್ರದ ಸನ್ನೆಗಳ ಚಲನೆ ನೇರರೇಖೆಯಿಂದ ಕೊಂಚ ಬಾಗುತ್ತಿತ್ತು. ಆ ಗರಿಷ್ಠ ದೋಷವನ್ನು ಕನಿಷ್ಠಗೊಳಿಸುವುದು ಹೇಗೆಂಬ ಪ್ರಶ್ನೆಯಿಂದ ಹುಟ್ಟಿದ ಅವರ 1854ರ ಪ್ರಬಂಧವೇ ಸಮೀಪನ ಸಿದ್ಧಾಂತದ ತಳಹದಿ. ಮುಂದೆ ಬಹುಪದಿಗಳ ಭಾಗಲಬ್ಧಗಳನ್ನೂ ಅವರು ಕೈಗೆತ್ತಿಕೊಂಡರು. ಆ ಗಣ ಪೀನವಲ್ಲ.

1894ರಲ್ಲಿ ಅವರು ತೀರಿಕೊಂಡರು. ಪ್ರತಿ ಬಿಂದುವಿಗೂ ಸಮೀಪದ ಬಿಂದು ಒಂದೇ ಇರುವ ಗಣಗಳಿಗೆ ನಂತರದವರು ಅವರ ಹೆಸರನ್ನಿಟ್ಟರು. ಸಾಮಾನ್ಯ ಯೂಕ್ಲಿಡೀಯ ಜ್ಯಾಮಿತಿಯಲ್ಲಿ ಅಂಥ ಗಣ ಪೀನವೇ ಆಗಿರಬೇಕೆಂದು 1930ರ ದಶಕದಲ್ಲಿ ಸಾಧಿತವಾಯಿತು. ಅನಂತ ಆಯಾಮಗಳ ಹಿಲ್ಬರ್ಟ್ ಅವಕಾಶದಲ್ಲಿ ಆ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.

ಸೇವೆಯಲ್ಲಿದ್ದಾಗ, ಕೆರೆಯ ಎರಡು ದಡಗಳ ಊರುಗಳಲ್ಲಿ ಒಂದಕ್ಕೆ ಆಸ್ಪತ್ರೆ ಕೊಡಬೇಕಾಗಿ ಬಂದಿತ್ತು. ಎರಡೂ ಸಮಾನವಾಗಿ ಅರ್ಹವಾಗಿದ್ದವು. ಕಡತದಲ್ಲಿ ನಾನು ಮಾತ್ರ, ಇದೊಂದೇ ಸೂಕ್ತ ಸ್ಥಳವೆಂದು ಬರೆದೆ. ಆಯ್ಕೆ ತಪ್ಪಾಗಿರಲಿಲ್ಲ, ಒಂದೇ ಎಂದದ್ದು ತಪ್ಪು.