ಕೀಟಗಳಿಗೆ ಹೆಸರಿಟ್ಟ ಫಾಬ್ರಿಸಿಯಸ್

ಹೆಜ್ಜೇನು, ತುಡುವೆ, ಕೋಲುಜೇನು ಎಂಬ ನಮ್ಮ ನಾಡಿನ ಮೂರು ಜೇನುಗಳಿಗೂ ಶಾಸ್ತ್ರೀಯ ನಾಮಕರಣ ಮಾಡಿದವನು ಒಬ್ಬನೇ. ಅವನು ಡೇನಿಷ್ ವಿದ್ವಾಂಸನಾದ ಜೋಹಾನ್ ಕ್ರಿಶ್ಚಿಯನ್ ಫಾಬ್ರಿಸಿಯಸ್. ಸುಮಾರು ಹತ್ತು ಸಾವಿರ ಕೀಟಗಳಿಗೆ ಹೆಸರಿಟ್ಟ ಈತನು ಅವುಗಳಲ್ಲಿ ಅನೇಕವನ್ನು ಜೀವಂತವಾಗಿ ಕಂಡವನೇ ಅಲ್ಲ.

ಫಾಬ್ರಿಸಿಯಸನು 1745ರಲ್ಲಿ ಟೋಂಡರ್ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ಹದಿನೇಳನೆಯ ವಯಸ್ಸಿನಲ್ಲಿ ಸ್ವೀಡನ್ನಿನ ಉಪ್ಸಾಲಕ್ಕೆ ತೆರಳಿ ಲಿನೇಯಸನ ಶಿಷ್ಯನಾದನು. ಗುರುವು ಕೀಟಗಳನ್ನು ಮುಖ್ಯವಾಗಿ ರೆಕ್ಕೆಗಳಿಂದ ವಿಂಗಡಿಸಿದ್ದನು. ಶಿಷ್ಯನು ಬಾಯಿಯನ್ನು ಪರೀಕ್ಷಿಸಿದನು. ಕಚ್ಚುವ ಬಾಯಿಯೋ ಹೀರುವ ಬಾಯಿಯೋ ಎಂಬುದರಿಂದ ಕೀಟದ ಆಹಾರವೂ ಜೀವನಕ್ರಮವೂ ತಿಳಿಯುವುದೆಂದು ಅವನ ಎಣಿಕೆ. ಗುರುವನ್ನು ಗೌರವಿಸುತ್ತಲೇ ಬೇರೆ ದಾರಿ ಹಿಡಿಯುವ ಧೈರ್ಯ ಎಲ್ಲ ಶಿಷ್ಯರಿಗೂ ಬರುವುದಿಲ್ಲ. ಈ ಕ್ರಮದ ಗ್ರಂಥವು 1775ರಲ್ಲಿ ಪ್ರಕಟವಾಯಿತು.

ಮುಂದೆ ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಅಲ್ಲಿ ಕಟ್ಟಿಸಿಕೊಡುವುದಾಗಿ ಒಪ್ಪಿದ್ದ ವಸ್ತುಸಂಗ್ರಹಾಲಯವೂ ಸಸ್ಯೋದ್ಯಾನವೂ ಕೈಗೂಡಲಿಲ್ಲ. ಇಂತಹ ಭರವಸೆಗಳ ಗತಿ ಉಪಾಧ್ಯಾಯರಾದವರಿಗೆ ಹೊಸದಲ್ಲ! ಆದರೂ ಅವನು ಕೈಕಟ್ಟಿ ಕೂಡಲಿಲ್ಲ. ಲಂಡನ್, ಪ್ಯಾರಿಸ್ ನಗರಗಳಿಗೆ ಹೋಗಿ, ಅನ್ಯರ ಪೆಟ್ಟಿಗೆಗಳಲ್ಲಿ ಸೂಜಿಯಿಂದ ಚುಚ್ಚಿಟ್ಟಿದ್ದ ಒಣಗಿದ ಕೀಟಗಳನ್ನು ವರ್ಣಿಸತೊಡಗಿದನು.

ಹಾಗೆ 1798ರಲ್ಲಿ ಅವನು ವರ್ಣಿಸಿದ ಕೀಟಗಳಲ್ಲಿ ಅಮೆರಿಕದ ಒಂದು ಜೀರುಂಡೆಯೂ ಇದ್ದಿತು. ಕೆಂಗಂದು ಬಣ್ಣ, ತಗಡಿನಂತೆ ಚಪ್ಪಟೆಯಾದ ಮೈ. ಲ್ಯಾಟಿನ್ ಭಾಷೆಯಲ್ಲಿ ಕೆಂಪೆಂಬ ಅರ್ಥದ ರೂಫಸ್ ಎಂಬ ಹೆಸರನ್ನಿಟ್ಟು, ಇತರ ಚಪ್ಪಟೆ ಜೀರುಂಡೆಗಳ ಗುಂಪಿಗೆ ಸೇರಿಸಿದನು. ಈಗ ಅದನ್ನು ಕ್ಯಾಟೋಜೀನಸ್ ರೂಫಸ್ ಎನ್ನುತ್ತಾರೆ. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಸತ್ತ ಮರಗಳ ಸಡಿಲ ತೊಗಟೆಯ ಅಡಿಯಲ್ಲಿ ಇದರ ವಾಸ. ಮರವನ್ನು ಕೊರೆಯುವ ಉದ್ದ ಮೀಸೆಯ ಜೀರುಂಡೆಗಳು ಅಲ್ಲಿಯೇ ಬೆಳೆದು ಕೋಶಾವಸ್ಥೆಗೆ ಬರುತ್ತವೆ. ರೂಫಸಿನ ಎಳೆಯ ಮರಿಹುಳು ಚುರುಕಾಗಿ ಹರಿದಾಡಿ, ಅಲುಗಲಾರದ ಆ ಕೋಶವನ್ನು ಹುಡುಕಿ, ಹೊರಗಿನಿಂದ ಅಂಟಿಕೊಂಡು ತಿನ್ನುತ್ತದೆ. ಊಟ ಸಿಕ್ಕಿದ ಮೇಲೆ ಅದರ ರೂಪವೇ ಬದಲಾಗಿ ದಪ್ಪ ಹುಳುವಾಗುತ್ತದೆ. ಕೊರಕಗಳನ್ನು ತಿಂದು ಬದುಕುವ ಕೆಲವು ಕಣಜಗಳ ಕೋಶಗಳನ್ನೂ ಅದು ಬಿಡುವುದಿಲ್ಲ, ಪರೋಪಜೀವಿಗೇ ಪರೋಪಜೀವಿ!

ಪೆಟ್ಟಿಗೆಯೊಳಗಿನ ಪ್ರೌಢ ಕೀಟದ ಬಾಯಿಂದ ಮರಿಯ ಈ ಹಸಿವನ್ನು ಓದಿಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ. ಮರಗಳ ತೊಗಟೆ ಎಬ್ಬಿಸಿ ನೋಡಿದವರಿಂದಲೇ ಅದು ಬೆಳಕಿಗೆ ಬಂದಿತು. ಈಗ ಈ ಜೀರುಂಡೆಯನ್ನು ಪ್ಯಾಸಾಂಡ್ರಿಡೀ ಎಂಬ ಬೇರೆ ಕುಟುಂಬದಲ್ಲಿ ಇರಿಸಿದ್ದಾರೆ.

1807ರಲ್ಲಿ ಆಂಗ್ಲರು ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆಗರೆದರು. ಮರುವರ್ಷ ಮಾರ್ಚಿಯಲ್ಲಿ ಫಾಬ್ರಿಸಿಯಸನು ಕೀಲ್ ನಗರದಲ್ಲಿ ತೀರಿಕೊಂಡನು. ಆಗ ಅವನಿಗೆ ಅರವತ್ತಮೂರು ವಯಸ್ಸು. ಅವನು ಸೇರಿಸಿದ್ದ ಗುಂಪು ಬದಲಾದರೂ, ರೂಫಸ್ ಎಂಬ ಹೆಸರಿನ ಮುಂದೆ ಅವನ ಹೆಸರನ್ನೂ 1798 ಎಂಬ ವರ್ಷವನ್ನೂ ಇಂದಿಗೂ ಬರೆಯುತ್ತಾರೆ.