ಪರೀಕ್ಷೆಯಲ್ಲಿ ಸೋತ ಗುರು, ಬಟಾಣಿಯಲ್ಲಿ ಕಂಡ ನಿಯಮ

ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಎಷ್ಟೋ ಕುಟುಂಬಗಳಲ್ಲಿ ಮೌನ ಕವಿಯುತ್ತದೆ. ಅನುತ್ತೀರ್ಣನಾದ ಮಗ ತಲೆತಗ್ಗಿಸಿ ಕೂರುತ್ತಾನೆ. ಹೆತ್ತವರು ನೆಂಟರಿಷ್ಟರಿಗೆ ಮುಖ ತೋರಿಸಲು ಅಂಜುತ್ತಾರೆ. ಅಂಥ ಮನೆಗಳವರು ನೆನೆಯಬೇಕಾದ ಜೀವನವೊಂದಿದೆ. ಅದು ಆಗಸ್ಟೀನ್ ಸಭೆಯ ಗುರು ಗ್ರೆಗೋರ್ ಮೆಂಡೆಲರದು.

ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು, ಇಂದು ಚೆಕ್ ಗಣರಾಜ್ಯದಲ್ಲಿರುವ ಹೈನ್ಜೆಂಡಾರ್ಫ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1822ರಲ್ಲಿ ಅವರು ಜನಿಸಿದರು. ಜ್ಞಾನಸ್ನಾನದ ಹೆಸರು ಯೋಹಾನ್. ಮರದ ದಿಮ್ಮಿಯಿಂದ ಗಾಯಗೊಂಡ ತಂದೆ ದುಡಿಯಲಾರದಂತಾದಾಗ ಓದು ನಿಂತುಹೋಗುವ ಸ್ಥಿತಿ ಬಂದಿತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಮೀಸಲಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು.

1843ರಲ್ಲಿ ಬ್ರುನೋ ನಗರದ ಸಂತ ತೋಮಾಸರ ಮಠವನ್ನು ಸೇರಿದ ಮೆಂಡೆಲರು 1847ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ಸಂಕಟವನ್ನು ಕಂಡು ತಾವೇ ಅಸ್ವಸ್ಥರಾಗುತ್ತಿದ್ದ ಅವರಿಗೆ ಧರ್ಮಕೇಂದ್ರದ ಸೇವೆ ಒಗ್ಗಲಿಲ್ಲ. ಮಠಾಧಿಪತಿ ನಾಪ್ ಅವರು ಈ ಶಿಷ್ಯನನ್ನು ಕೈಬಿಡದೆ 1849ರಲ್ಲಿ ಶಾಲೆಯೊಂದಕ್ಕೆ ಬದಲಿ ಶಿಕ್ಷಕನನ್ನಾಗಿ ಕಳುಹಿಸಿದರು. ಪಾಠ ಹೇಳುವುದರಲ್ಲಿ ಮೆಂಡೆಲರು ಹೆಸರು ಪಡೆದರು. ಆದರೆ 1850ರ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾದರು.

ನಾಪ್ ಅವರು ಆಗಲೂ ನಿರಾಶರಾಗದೆ ಅವರನ್ನು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ 1853ರವರೆಗೆ ಭೌತಶಾಸ್ತ್ರ, ಗಣಿತ, ಸಸ್ಯಶಾಸ್ತ್ರಗಳನ್ನು ಕಲಿತು ಮರಳಿದ ಮೆಂಡೆಲರು 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತರು. ಈ ಸಲ ಅನಾರೋಗ್ಯದಿಂದ ನಡುವೆಯೇ ಹಿಂದಿರುಗಬೇಕಾಯಿತು. ಆ ಅರ್ಹತೆ ಅವರಿಗೆ ಎಂದೂ ದೊರೆಯಲಿಲ್ಲ. 1868ರವರೆಗೂ ಬದಲಿ ಶಿಕ್ಷಕರಾಗಿಯೇ ಉಳಿದರು.

ಅದೇ 1856ರಲ್ಲಿ ಮಠದ ತೋಟದಲ್ಲಿ ಅವರ ಬಟಾಣಿ ಪ್ರಯೋಗ ಆರಂಭವಾಯಿತು. ಎಂಟು ವರ್ಷಗಳ ಕಾಲ ಸುಮಾರು 28,000 ಗಿಡಗಳನ್ನು ಬೆಳೆಸಿ, ತಾಳ್ಮೆಯಿಂದ ಎಣಿಸಿದರು. ದುಂಡು ಬೀಜದ ತಳಿಯನ್ನೂ ಸುಕ್ಕು ಬೀಜದ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡಗಿದ್ದವು. ಎರಡನೆಯ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು ಬೀಜಗಳು ಕಂಡವು. ಸರಿಸುಮಾರು ಮೂರಕ್ಕೆ ಒಂದು. ಮರೆಯಾದ ಗುಣ ಅಳಿದಿರಲಿಲ್ಲ, ಒಳಗೆ ಅಡಗಿತ್ತು. ಎಣಿಕೆಯಿಂದ ನಿಯಮವನ್ನು ಅರಸುವ ಈ ಕ್ರಮಕ್ಕೆ ವಿಯೆನ್ನಾದ ಕಲಿಕೆಯೇ ಬುನಾದಿ. ಮೊದಲ ಸೋಲು ಬಾರದಿದ್ದರೆ ಅವರು ಅಲ್ಲಿಗೆ ಹೋಗುತ್ತಿದ್ದರೇ ಎಂಬುದು ಯೋಚಿಸತಕ್ಕ ಮಾತು.

1866ರಲ್ಲಿ ಅಚ್ಚಾದ ಆ ಪ್ರಬಂಧವನ್ನು ಗಮನಿಸಿದವರು ವಿರಳ. 1868ರಲ್ಲಿ ಮಠಾಧಿಪತಿಯಾದ ಮೆಂಡೆಲರು 1884ರ ಜನವರಿ 6ರಂದು ತೀರಿಕೊಂಡರು. 1900ರಲ್ಲಿ ಮೂವರು ವಿಜ್ಞಾನಿಗಳು ಅದೇ ಫಲಿತಾಂಶಗಳನ್ನು ಮತ್ತೆ ಕಂಡುಕೊಂಡಾಗ, ಆನುವಂಶೀಯತಾ ಶಾಸ್ತ್ರದ ಪಿತಾಮಹರೆಂದು ಲೋಕ ಅವರನ್ನು ಗುರುತಿಸಿತು.

ಸೋಲು ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲ. ತಂಗಿಯ ತ್ಯಾಗ, ಹಿರಿಯರ ಸಹನೆ, ತನ್ನದೇ ಪರಿಶ್ರಮ, ಈ ಮೂರೂ ಕೂಡಿದಾಗ ಅದು ಬೆಳವಣಿಗೆಯ ಮೆಟ್ಟಿಲಾಗುತ್ತದೆ. ಪರೀಕ್ಷೆ ಅಳೆಯುವುದು ಕಲಿತ ಉತ್ತರಗಳನ್ನು. ಹೊಸ ಪ್ರಶ್ನೆ ಕೇಳಬಲ್ಲ ಚೇತನವನ್ನು ಅದು ಅಳೆಯಲಾರದು. ಉಪಕಾರವನ್ನು ಮರೆಯದ ಮೆಂಡೆಲರು ಮುಂದೆ ತಂಗಿಯ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು. ನಮ್ಮ ಮನೆಯ ಮಗುವೊಂದು ಸೋತು ಬಂದಾಗ, ಬಾಗಿಲಲ್ಲಿ ಅದನ್ನು ಎದುರುಗೊಳ್ಳುವವರು ನ್ಯಾಯಾಧೀಶರೋ, ತೆರೇಸಿಯಾಳಂಥ ಒಡಹುಟ್ಟಿದವರೋ ಎಂದು ಪ್ರತಿಯೊಂದು ಕುಟುಂಬವೂ ತನ್ನನ್ನು ತಾನೇ ಕೇಳಿಕೊಳ್ಳಲಿ.