ಮಲ್ಲಯ್ಯನನ್ನು ಅರಸಿ ಹೋದ ಬಾಲಕ

ಶಿವಯೋಗಿ ಸಿದ್ಧರಾಮೇಶ್ವರರು 12ನೆಯ ಶತಮಾನದ ಸೊನ್ನಲಿಗೆಯವರು; ಇಂದಿನ ಸೊಲ್ಲಾಪುರವೇ ಅದು. ಮುದ್ದುಗೌಡ, ಸುಗ್ಗಲೆಯರ ಈ ಮಗ ಮಾತನಾಡದೆ ಬೆಳೆದ. ಮಂಕನೆಂದೇ ಕಂಡವರು ಎಣಿಸಿದರು. ದನ ಕಾಯುತ್ತ ಒಬ್ಬನೇ ಇದ್ದಾಗ ಜಂಗಮರೂಪದ ಮಲ್ಲಯ್ಯನು ಕಾಣಿಸಿಕೊಂಡನೆಂದು ರಾಘವಾಂಕ ಕವಿ ಹೇಳುತ್ತಾನೆ. ಅವನಿಗೆ ಉಣಿಸು ತರಲು ಬಾಲಕ ಮನೆಗೆ ಓಡಿದ. ಮರಳುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಮಲ್ಲಯ್ಯನನ್ನು ಕೂಗುತ್ತ ಶ್ರೀಶೈಲದವರೆಗೂ ಹೋದ. ಅಲ್ಲಿಯೂ ಕಾಣದೆ ಕಮರಿಗೆ ಧುಮುಕಲಿದ್ದಾಗ ಮಲ್ಲಯ್ಯನೇ ಬಂದು ಕೈಹಿಡಿದನು.

ಮುಂದೆ ಸಿದ್ಧರಾಮರು ಊರಿನಲ್ಲಿ ಕೆರೆ ತೋಡಿಸಿದರು, ಗುಡಿಗಳನ್ನು ಕಟ್ಟಿಸಿದರು. ಶಿಷ್ಯರು ಸಾವಿರಾರು, ಸರಿಸಮನಾಗಿ ನಿಂತು ಮಾತನಾಡುವ ಗೆಳೆಯರಿದ್ದರೇ? ಅಲ್ಲಮಪ್ರಭುಗಳು ಬಂದು ಒಡ್ಡನೆಂದು ಕರೆದಾಗ ಅವರು ಕೆರಳಿದ ಬಗೆಯನ್ನು ಶೂನ್ಯಸಂಪಾದನೆಯಲ್ಲಿ ನಾವು ಓದುತ್ತೇವೆ. ಆದರೆ ಕೋಪ ತಣಿದ ಬಳಿಕ ಅದೇ ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಬಸವಣ್ಣನವರ ಬಳಗದಲ್ಲಿ ಒಬ್ಬರಾಗಿ, ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು. ಕೆರೆ ತೋಡಿಸಿದ್ದಕ್ಕಿಂತ ಇದೇ ಕಠಿಣವಾಗಿದ್ದಿರಬೇಕೆಂದು ನಮಗೆ ತೋರುತ್ತದೆ. ಅವರ ವಚನಗಳ ಅಂಕಿತ ಕಪಿಲಸಿದ್ಧಮಲ್ಲಿಕಾರ್ಜುನ. ಅಡವಿಯಲ್ಲಿ ಕಂಡ ಮಲ್ಲಯ್ಯನನ್ನು ಅವರು ಬಿಡಲಿಲ್ಲ. ಅದೇ ವಚನಗಳಲ್ಲಿ ಬಸವಣ್ಣ, ಚೆನ್ನಬಸವಣ್ಣರನ್ನೂ ಹೆಸರು ಹಿಡಿದು ಮತ್ತೆ ಮತ್ತೆ ನೆನೆಯುತ್ತಾರೆ.